ಕೂಪನ್ನಿನ ಬೆನ್ನಿಗಿದ್ದ ಮಾತು

ಹೋದ ತಿಂಗಳು ಕೊಪ್ಪಳದ ಗ್ರಂಥಾಲಯಕ್ಕೆ ಪೇಪರ್ ಓದಲೆಂದು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುತ್ತಿದ್ದರು. ಮೈದಾಹಿಟ್ಟು ಕುದಿಸಿ, ಹುಳ ಹತ್ತದಿರಲೆಂದು ಮೈಲುತುತ್ತ ಬೆರೆಸಿದ ಅಂಟಿನ ವಾಸನೆ ಪಡಸಾಲೆಯ ತುಂಬ ಇತ್ತು. ಪೇಪರ್ ಓದುವವರು ಮೂಗು ಮುಚ್ಚಿಕೊಂಡು ಕೂತಿದ್ದರು. ನಾನು ಮಾತ್ರ ಬೇಕೆಂದೇ ಆ ಅಂಟಿನ ಬೋಗುಣಿಯ ಹತ್ತಿರದ ಕುರ್ಚಿ ಹಿಡಿದೆ. ಎಲ್ಲರಿಗೂ ಅದು ಅಂಟಿನ ವಾಸನೆ, ನನಗೆ ಅದು ನಮ್ಮ ಅಕ್ಕೋರ ಕಾದಂಬರಿಯ ವಾಸನೆ. ಪೇಪರನ್ನು ತಲೆಕೆಳಗು ಹಿಡಿದುಕೊಂಡಿದ್ದೆನೆಂದು ಪಕ್ಕದವರು ಹೇಳಿದ ಮೇಲೆಯೇ ಗೊತ್ತಾದದ್ದು.

ಆಗ ನಮ್ಮ ಕುಷ್ಟಗಿ ರಾಯಚೂರು ಜಿಲ್ಲೆಯಲ್ಲಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದ ಅವರು ನಮ್ಮ ಗೋಡೆಗೆ ಹತ್ತಿದ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದರು. ಸಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಊರಿಗೆಲ್ಲ ಅಕ್ಕೋರಾದವರು ನನಗೂ ಅಕ್ಕೋರೇ. ಮೂಲ ಯಲಬುರ್ಗಾ ಕಡೆಯವರು, ನಮ್ಮೂರಿಗೆ ಬರುವ ಮೊದಲು ಗಂಗಾವತಿ ಹತ್ತಿರದ ಮರಳಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಮಾಡಿದವರಿಗೆ ಪುರಸೊತ್ತಾಗಲಿಲ್ಲ ಎಂದು ಹೇಳಿ, ಮುಂದಿನ ಪ್ರಶ್ನೆಗೆ ಬಾಯಿ ತೆರೆಯದಂತೆ ಒಂದು ನೋಟ ನೋಡುತ್ತಿದ್ದರು.

ಪುರಸೊತ್ತಿಲ್ಲದ್ದು ಖರೇ ಇತ್ತು. ಸಾಲೆ ಬಿಟ್ಟು ಬಂದು, ಮುಖ ತೊಳೆದು, ಚಹಾ ಕುಡಿದು, ರೊಟ್ಟಿ ಬಡಿಯುವ ಹೊತ್ತಿನವರೆಗೂ ಬರೆಯುತ್ತಿದ್ದರು. ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ತುಟಿ ಪಿಟಿಪಿಟಿ ಅನ್ನಿಸುತ್ತ. ಬರೆದದ್ದನ್ನು ಮತ್ತೆ ಮತ್ತೆ ತಿದ್ದಿ ಹೊಸ ಹಾಳೆಗೆ ಇಳಿಸಿಕೊಂಡ ಮೇಲೆ, ಹಳೆಯ ಹಾಳೆಗಳಿಂದ ಒಲೆ ಹೊತ್ತಿಸುತ್ತಿದ್ದರು. ಅಯ್ಯೋ ಎಂದು ನಾನು ಕೈ ಹಿಡಿಯಲು ಹೋದರೆ, ಕೆಟ್ಟ ವಾಕ್ಯಕ್ಕೂ ಒಂದು ಉಪಯೋಗ ಬೇಕಲ್ಲ ಎಂದು ನಗುತ್ತಿದ್ದರು. ಅಷ್ಟರಲ್ಲಾಗಲೇ ಎರಡು ಕಾದಂಬರಿ ಬರೆದು ಪ್ರಕಾಶಕರಿಗೆ ಕಳಿಸಿದ್ದರು. ಒಂದು ಉತ್ತರವಿಲ್ಲದೆ ವಾಪಸು ಬಂದಿತ್ತು. ಇನ್ನೊಂದರ ಜೊತೆಗೆ, ಹೆಸರು ಕೇಳಿರದವರ ಕಾದಂಬರಿಯನ್ನು ಯಾರು ಕೊಳ್ಳುತ್ತಾರೆ ಎಂಬರ್ಥದ ನಾಲ್ಕು ಸಾಲು ಬಂದಿದ್ದವು.

ಬರೆಯುವ ಹುಚ್ಚು ನನಗೂ ಹತ್ತಿತ್ತು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅವ್ವ ವರ ನೋಡುತ್ತಿದ್ದಳು, ನಾನು ಕಾದಂಬರಿ ಬರೆಯುತ್ತಿದ್ದೆ. ನನ್ನ ನಾಯಕಿ ಕಾಶ್ಮೀರದಲ್ಲಿ ಕಾರು ಓಡಿಸುತ್ತಿದ್ದಳು. ಹೊಸಪೇಟೆ ದಾಟಿ ಆಚೆ ಹೋಗಿರದ ನಾನು ಮಂಜು ಬೀಳುವುದನ್ನು ಪುಟಗಟ್ಟಲೆ ಬಣ್ಣಿಸಿದ್ದೆ. ಅಕ್ಕೋರು ಅಷ್ಟನ್ನೂ ಓದಿ, ಒಂದೇ ಪ್ರಶ್ನೆ ಕೇಳಿದರು: ಈಕೆ ಊಟಕ್ಕೆ ಏನು ಮಾಡಿಕೊಳ್ಳುತ್ತಾಳೆ? ನನ್ನ ನಾಯಕಿ ಇಡೀ ಕಾದಂಬರಿಯಲ್ಲಿ ಒಮ್ಮೆಯೂ ಉಂಡಿರಲಿಲ್ಲ. ಮುಖ ಊದಿಸಿಕೊಂಡು ಎದ್ದು ಬಂದು, ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಆ ಸ್ಪರ್ಧೆಯ ಪ್ರಕಟಣೆ ಬಂದದ್ದು ಅಂಥ ದಿನಗಳಲ್ಲಿ. ಈಗ ನಿಂತುಹೋಗಿರುವ ಒಂದು ವಾರಪತ್ರಿಕೆ. ಅದರವರು ಕಾದಂಬರಿಗಳನ್ನು ಕರೆದಿದ್ದರು, ಓದುಗರೇ ತೀರ್ಪುಗಾರರು ಎಂದಿದ್ದರು. ಬಂದವುಗಳಲ್ಲಿ ನಾಲ್ಕನ್ನು ಆರಿಸಿ ಒಂದರ ಹಿಂದೊಂದು ಧಾರಾವಾಹಿಯಾಗಿ ಹಾಕುವುದು. ಪ್ರತಿ ಕಾದಂಬರಿಯ ಕೊನೆಯ ಕಂತಿನಲ್ಲಿ ಒಂದು ಕೂಪನ್. ಮೆಚ್ಚಿದವರು ಅದನ್ನು ಕತ್ತರಿಸಿ ಕಾರ್ಡಿಗೆ ಅಂಟಿಸಿ ಕಳಿಸಬೇಕು. ಯಾವುದಕ್ಕೆ ಹೆಚ್ಚು ಕೂಪನ್ ಬರುತ್ತವೋ ಅದು ಪುಸ್ತಕವಾಗಿ ಅಚ್ಚಾಗುತ್ತದೆ. ಫಲಿತಾಂಶದವರೆಗೆ ಬರೆದವರ ಹೆಸರು ಹಾಕುವುದಿಲ್ಲ. ಬರೆದವರು ತಾವಾಗಿ ಹೆಸರು ಹೊರಗೆ ಹಾಕಿದರೆ ಕಾದಂಬರಿ ಸ್ಪರ್ಧೆಯಿಂದ ಹೊರಗೆ. ಗೆದ್ದವರ ಹೆಸರು ಮಾತ್ರ ಕೊನೆಗೆ ಹೊರಬರುವುದು.

ಹೆಸರು ಹಾಕದಿರುವ ಈ ನಿಯಮವೇ ಅಕ್ಕೋರಿಗೆ ಹಿಡಿಸಿದ್ದು. ಹೆಸರಿಲ್ಲದವರು ಎಂದು ಯಾರೂ ದೂಡುವಂತಿಲ್ಲವಲ್ಲ. ತಮ್ಮ ಮೂರನೆಯ ಕಾದಂಬರಿಯನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದು ಪೋಸ್ಟಿಗೆ ಹಾಕುವಾಗ ನಾನೂ ಜೊತೆಗಿದ್ದೆ, ನನ್ನ ಕಾಶ್ಮೀರವನ್ನು ಎತ್ತಿಕೊಂಡು. ಪೋಸ್ಟಾಫೀಸಿನ ಕಟ್ಟೆ ಇಳಿಯುವಾಗ ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ಇದೊಂದು ನೋಡ್ತೀನಿ ತಂಗಿ. ಪ್ರಕಾಶಕರು ಬ್ಯಾಡ ಅಂದ್ರ ತಡಕೋಬಹುದು. ಓದೋರ ಬ್ಯಾಡ ಅಂದ ಮ್ಯಾಲ ಬರದು ಯಾರಿಗಿ ಕೊಡ್ಲಿ? ಇದು ಪುಸ್ತಕ ಆಗಲಿಲ್ಲ ಅಂದ್ರ ಹಲಗಿ ಎತ್ತಿ ಇಟ್ಟುಬಿಡ್ತೀನಿ."

ನಗುತ್ತಲೇ ಹೇಳಿದರು. ಆದರೆ ಅವರು ಹಟದ ಹೆಂಗಸು, ಹೇಳಿದರೆ ಹೇಳಿದಂತೆ ಮಾಡುವವರು. 

ನನ್ನ ಕಾದಂಬರಿ ಹೋದ ದಾರಿಯಲ್ಲೇ ಬೇಗ ಬಂತು, ಜೊತೆಗೆ ಅಚ್ಚಾದ ಒಂದು ಚೀಟಿ. ವಂದನೆಗಳು ಎಂದಿತ್ತು. ಅತ್ತೆನೋ ಇಲ್ಲವೋ... ಅತ್ತಿರಬೇಕು. ಅಕ್ಕೋರದು ನಾಲ್ಕರಲ್ಲಿ ಒಂದಾಗಿ ಆಯ್ಕೆಯಾದ ಕಾಗದ ಬಂದ ದಿನ ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಅವರು ಬಾಗಿಲು ಹಾಕಿಕೊಂಡು, ನನ್ನ ಎರಡೂ ಕೈ ಹಿಡಿದು, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡರು. ಹಾಗೆ ಇಡೀ ಕುಷ್ಟಗಿಯಲ್ಲಿ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ ಆದೆ. ಬಾಯಿ ಬಿಗಿಹಿಡಿಯುವುದು ನನ್ನ ಸ್ವಭಾವದಲ್ಲೇ ಇಲ್ಲ, ಆ ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು.

ಕಥೆ ನಮ್ಮ ಕಡೆಯದೇ. ಕುಷ್ಟಗಿ ಸೀಮೆಯ ಹನುಮವ್ವ ಗಂಡನ ಜೊತೆ ಮರಳಿಗೆ ಭತ್ತ ನಾಟಿ ಮಾಡಲು ಹೋಗುತ್ತಾಳೆ. ಎರೆಹೊಲ ಬಿಟ್ಟರೆ ಬೇರೆ ಕಾಣದವಳು ಕಾಲುವೆ ನೀರಿನ ಕೆಸರಿಗೆ ಕಾಲಿಡುತ್ತಾಳೆ. ಗಂಡ ಬೇಸತ್ತು ಊರಿಗೆ ಮರಳುತ್ತಾನೆ. ಈಕೆ ಮರಳುವುದಿಲ್ಲ. ಕೆಲಸ ಕಲಿತು, ತಾನೇ ಹೆಂಗಸರ ಒಂದು ತಂಡ ಕಟ್ಟಿ, ಗದ್ದೆಯಿಂದ ಗದ್ದೆಗೆ ನಾಟಿ ಗುತ್ತಿಗೆ ಹಿಡಿಯುತ್ತಾಳೆ. ಕೊನೆಗೊಂದು ದಿನ ಗಂಡ ಬದುವಿನ ಮೇಲೆ ಬಂದು ನಿಂತು, ಊರಿಗೆ ಬರ್ತೀಯೋ ಇಲ್ಲೋ ಎಂದು ಕೇಳುತ್ತಾನೆ. ಕೆಸರಲ್ಲಿ ನಿಂತವಳು ಏನು ಹೇಳುತ್ತಾಳೆ ಎಂಬುದೇ ಕೊನೆ.

ಆಗ ನಮ್ಮೂರಿಗೆ ಆ ಪತ್ರಿಕೆಯ ಕೆಲವೇ ಪ್ರತಿಗಳು ಬರುತ್ತಿದ್ದವು, ಬಸ್ ಸ್ಟ್ಯಾಂಡಿನ ಅಂಗಡಿಗೆ. ಆದರೆ ಒಂದು ಪ್ರತಿ ಒಂದು ಓಣಿಯನ್ನೇ ಸುತ್ತುತ್ತಿತ್ತು. ಓದಲು ಪಾಳಿ ಇತ್ತು. ಯಾರ ಮನೆಯಲ್ಲಿ ಯಾವಾಗ ಎಂಬುದು ನಲ್ಲಿಯ ಹತ್ತಿರ ಗೊತ್ತಾಗುತ್ತಿತ್ತು. ಓದಲು ಬಾರದವರಿಗೆ ಸಾಲೆಗೆ ಹೋಗುವ ಹುಡುಗಿಯರು ಓದಿ ಹೇಳುತ್ತಿದ್ದರು. ಹನುಮವ್ವ ಶುರುವಾದ ಮೇಲಂತೂ ಪಾಳಿಗೆ ಕಾಯದೆ ತಮ್ಮದೇ ಪ್ರತಿ ಕೊಳ್ಳುವ ಮನೆಗಳು ಹೆಚ್ಚಾದವು, ನಲ್ಲಿಯ ಹತ್ತಿರ ಬೇರೆ ಮಾತೇ ಇರಲಿಲ್ಲ. ಗಂಡನನ್ನು ಬಿಟ್ಟು ಅಲ್ಲಿ ನಿಂತದ್ದು ಸರಿಯೋ ತಪ್ಪೋ ಎಂದು ಎರಡು ಪಕ್ಷಗಳಾದವು. ನಮ್ಮವ್ವ ತಪ್ಪಿನ ಪಕ್ಷದಲ್ಲಿದ್ದಳು. ಬಿಂದಿಗೆ ಹಿಡಿದು ಪಾಳಿಯಲ್ಲಿ ನಿಂತ ಅಕ್ಕೋರನ್ನೇ, ನೀವು ಕಲಿತವರು, ನೀವು ಹೇಳ್ರಿ ಎಂದು ಒಮ್ಮೆ ಹೆಂಗಸರೆಲ್ಲ ನ್ಯಾಯಕ್ಕೆ ಕರೆದರು. ಅಕ್ಕೋರು ಗಂಭೀರವಾಗಿ, ಬರೆದವರಿಗೂ ಗೊತ್ತಿರಲಿಕ್ಕಿಲ್ಲ ಎಂದರು. ನಾನು ಬಿಂದಿಗೆಯೊಳಗೆ ಮುಖ ಹುದುಗಿಸಿ ನಕ್ಕೆ.

ಕೊನೆಯ ಕಂತು ಬಂತು. ಹನುಮವ್ವ ಗಂಡನಿಗೆ ಹೇಳಿದ ಮಾತು ಇದು: "ಬರ್ತೀನಿ ನಡಿ. ನೀ ಕರಿಯಾಕ ಬಂದಿ ಅಂತ ಅಲ್ಲ, ನನಗ ಬರಬೇಕು ಅನ್ಸೇತಿ ಅಂತ." ಅದನ್ನು ಓದಿದ ಹೆಂಗಸರು ಎಷ್ಟೋ ದಿನ ಗಂಡಂದಿರಿಗೆ ಅದನ್ನೇ ಹೇಳಿ ಕಾಡಿದರು. ಎರಡು ಪಕ್ಷಗಳೂ ತಾವೇ ಗೆದ್ದೆವೆಂದುಕೊಂಡವು. ಅಂಥ ಕೊನೆ ಅದು.

ಆದರೆ ಕೂಪನ್... ಕೂಪನ್ ಕೊನೆಯ ಪುಟದ ಕೆಳಗಿನ ಮೂಲೆಯಲ್ಲಿತ್ತು. ಆ ಹಾಳೆಯನ್ನು ತಿರುವಿದರೆ, ಕೂಪನ್ನಿನ ಬೆನ್ನಿಗೆ ಸರಿಯಾಗಿ ಹನುಮವ್ವನ ಆ ಮಾತು ಇತ್ತು. ಕೂಪನ್ ಕತ್ತರಿಸಿದರೆ ಮಾತು ಹೋಗುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ಹಾಳೆ ಹಾಗೆ ಬಿದ್ದಿತ್ತು. ಬೇರೆ ಊರಿನಲ್ಲಾಗಿದ್ದರೆ ಓದಿ ಮುಗಿಸಿದವರು ಕತ್ತರಿಸಿ ಕಳಿಸಿ, ಉಳಿದದ್ದನ್ನು ರದ್ದಿಗೆ ಹಾಕುತ್ತಿದ್ದರೋ ಏನೋ. ನಮ್ಮೂರಲ್ಲಿ ಒಳ್ಳೆಯ ಧಾರಾವಾಹಿ ಮುಗಿದ ಕೂಡಲೇ ಅದರ ಹಾಳೆಗಳನ್ನು ಬಿಡಿಸಿ, ಜೋಡಿಸಿ, ಲೆಕ್ಕದ ದಫ್ತರು ಕಟ್ಟುವ ಚಾಚಾನ ಅಂಗಡಿಗೆ ಕೊಟ್ಟು ರಟ್ಟು ಹಾಕಿಸಿಕೊಳ್ಳುವ ರೂಢಿ. ಮಗಳು ಗಂಡನ ಮನೆಗೆ ಹೋಗುವಾಗ ಟ್ರಂಕಿನಲ್ಲಿ ಅಂಥದ್ದೊಂದು ಇದ್ದೇ ಇರುತ್ತಿತ್ತು.

ನಾನು ಕತ್ತರಿ ಹಿಡಿದು ಓಣಿಗಿಳಿದೆ. ಯಾಕೆಂದು ಹೇಳುವಂತಿಲ್ಲ. ಕೂಪನ್ ಕಳಿಸಿರಿ, ಇಲ್ಲದಿದ್ದರೆ ಕಾದಂಬರಿ ಪುಸ್ತಕವಾಗುವುದಿಲ್ಲ ಎಂದು ಒಂದೊಂದೇ ಮನೆಗೆ ಹೋಗಿ ಹೇಳಿದೆ. ಆಗಿದೆಯಲ್ಲ, ಇದೇನು ಮತ್ತೆ ಎಂದು ಹೊಲಿಗೆ ಹಾಕಿದ ಹಾಳೆಗಳನ್ನು ತಂದು ತೋರಿಸಿದರು. ಕತ್ತರಿಸಿದ ಜಾಗಕ್ಕೆ ಆ ಮಾತನ್ನು ನಾನೇ ದುಂಡಗೆ ಬರೆದು ಅಂಟಿಸಿಕೊಡುತ್ತೇನೆ ಎಂದೆ. ಅಚ್ಚಿನಲ್ಲಿದ್ದದ್ದು ಅಚ್ಚಿನಲ್ಲೇ ಚೆಂದ, ನಿನ್ನ ಕೈಬರಹ ಯಾರಿಗೆ ಬೇಕು ಎಂದು ನಕ್ಕರು. ಹಿಂದಿನ ಓಣಿಯ ಅಜ್ಜಿಯೊಬ್ಬಳಿದ್ದಳು, ಅಕ್ಷರ ಬಾರದಾಕಿ, ಮೊಮ್ಮಗಳಿಂದ ಪ್ರತಿ ಕಂತನ್ನೂ ಓದಿಸಿಕೊಂಡಾಕಿ. ಓದಲು ಬರದವಳಿಗೆ ಒಂದು ಮೂಲೆ ಹೋದರೇನು ಎಂಬ ಆಸೆಯಿಂದ ಅಲ್ಲಿಗೆ ಹೋದೆ. ಆಕೆ ಹಾಳೆಯನ್ನು ಮೊಮ್ಮಗಳ ಮುಂದೆ ಹಿಡಿದು, ಆ ಮಾತು ಎಲ್ಲಿದೆ ತೋರಿಸು ಎಂದಳು. ಹುಡುಗಿ ಬೆರಳಿಟ್ಟು ತೋರಿಸಿದಳು. ಅಜ್ಜಿ ಆ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದಳು.

"ಬ್ಯಾಡ ಬಿಡವ್ವ. ಈ ಮಾತು ಕೇಳಾಕ ನಾ ಅಷ್ಟು ವಾರ ಕಾದೀನಿ. ಆಕಿ ಬಾಯಿಗಿ ಕತ್ರಿ ಹಾಕಿ ಆಕಿನ್ನ ಗೆಲ್ಸೂದು ಹೆಂಗ?"

 ಕೊನೆಗೆ ಚಾಚಾನ ಅಂಗಡಿಗೆ ಹೋದೆ. ರಟ್ಟು ಕಟ್ಟಲು ಎಲ್ಲರೂ ಅಲ್ಲಿಗೇ ತಂದು ಕೊಡುತ್ತಿದ್ದರಲ್ಲ, ಹೇಗೂ ಅಂಚು ಕತ್ತರಿಸುತ್ತಾನೆ, ಕೂಪನ್ನನ್ನೂ ಕತ್ತರಿಸಿ ಕೊಡಲಿ ಎಂದು. ಚಾಚಾ ಅಂಟು ಹಚ್ಚುವ ಕೈ ನಿಲ್ಲಿಸದೆ, ತಾನು ಅಂಚು ಕತ್ತರಿಸುವವನು, ಅಕ್ಷರ ಕತ್ತರಿಸುವವನಲ್ಲ ಎಂದುಬಿಟ್ಟ. ಸಿಟ್ಟು ಬಂತು ನನಗೆ. ಇಡೀ ಊರಿಗೆ ಹುಚ್ಚು ಹಿಡಿದಿದೆ ಅನ್ನಿಸಿತು. ಮನೆಗೆ ಬಂದು ನನ್ನ ಪ್ರತಿಯ ಕೂಪನ್ನನ್ನು ಕತ್ತರಿಸಿ, ಕಾರ್ಡಿಗೆ ಅಂಟಿಸಿ ಪೋಸ್ಟಿಗೆ ಹಾಕಿದೆ. ಕತ್ತರಿಸುವ ಮೊದಲು ಆ ಮಾತನ್ನು ನಾನೂ ಇನ್ನೊಮ್ಮೆ ಓದಿಕೊಂಡೆ, ಅದನ್ನೇಕೆ ಮುಚ್ಚಿಡಲಿ.

ಒಂದು ಮಾತು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಇದು ನಮ್ಮ ಅಕ್ಕೋರದು ಎಂದಿದ್ದರೆ ಆ ಅಜ್ಜಿಯೇ ಕತ್ತರಿ ಇಸಿದುಕೊಳ್ಳುತ್ತಿದ್ದಳು. ಸಂಜೆ ಅಕ್ಕೋರ ಮುಂದೆ ಅತ್ತುಕೊಂಡು, ಆಣೆಯಿಂದ ನನ್ನನ್ನು ಬಿಡಿಸಿರಿ ಎಂದು ಕೇಳಿದೆ. ಅವರು ಹಲಗೆಯ ಮೇಲೆ ಸಾಲೆಯ ಪೇಪರು ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ.

"ಹೆಸರು ಹೇಳಿ ಕೇಳಿದ್ರ ಅದು ನನಗ ಹಾಕಿದ ಓಟು ಆಗ್ತೈತಿ, ಹನುಮವ್ವಗ ಅಲ್ಲ. ಓದಿದಾರೇನಿಲ್ಲ ಅವರು? ಅಷ್ಟು ಹೇಳು."

ಓದಿದ್ದಾರೆ ಎಂದೆ. ಎಲ್ಲರೂ? ಎಲ್ಲರೂ ಎಂದೆ. ಹಾಗಾದರೆ ಸುಮ್ಮನಿರು ಎಂದು ಪೇಪರು ತಿದ್ದತೊಡಗಿದರು.

ಫಲಿತಾಂಶ ಬಂದಾಗ ಮಳೆಗಾಲ ಕಳೆದಿತ್ತು. ಬೇರೊಂದು ಕಾದಂಬರಿ ಗೆದ್ದಿತ್ತು. ಕೆಟ್ಟದ್ದೇನಲ್ಲ, ನಾನೂ ಓದಿದ್ದೆ. ನಾಲ್ಕರಲ್ಲಿ ಅಕ್ಕೋರದು ಕೊನೆಯದು. ಅಕ್ಕೋರು ಪತ್ರಿಕೆಯನ್ನು ಮಡಚಿ ಗೂಡಿನಲ್ಲಿಟ್ಟು ಸಾಲೆಗೆ ಹೋದರು, ಎಂದಿನಂತೆ. ಮೂಲ ಹಸ್ತಪ್ರತಿ ಅಚ್ಚು ಜೋಡಿಸುವವರ ಕೈಯಲ್ಲಿ ಹರಿದು ಹಂಚಿಹೋಗಿತ್ತು, ಕಚ್ಚಾ ಹಾಳೆಗಳು ಎಂದೋ ಒಲೆ ಸೇರಿದ್ದವು.

ಆ ವಾರವೇ ನಾನು ಅವರನ್ನು ಏನೋ ನೆಪ ಹೇಳಿ ಚಾಚಾನ ಅಂಗಡಿಗೆ ಕರೆದುಕೊಂಡು ಹೋದೆ. ರಟ್ಟು ಕಟ್ಟಿ ಒಣಗಲು ಇಟ್ಟ ಹನುಮವ್ವಗಳು ಹಲಗೆಯ ಮೇಲೆ ಸಾಲಾಗಿದ್ದವು. ಕುಷ್ಟಗಿಯವು ಮಾತ್ರವಲ್ಲ, ಸುತ್ತಲ ಹಳ್ಳಿಗಳವೂ ಇನ್ನೂ ಬರುತ್ತಲೇ ಇದ್ದವು. ನೀಲಿ ಬಟ್ಟೆಯ ಬೆನ್ನು, ಅದರ ಮೇಲೆ ಚಾಚಾನ ಕೈಯಿಂದ ಕಾದಂಬರಿಯ ಹೆಸರು. ಒಂದರಲ್ಲೂ ಕತ್ತರಿ ತಾಗಿರಲಿಲ್ಲ. ಅಕ್ಕೋರು ಒಂದನ್ನು ತೆಗೆದು ಕೊನೆಯ ಹಾಳೆ ತಿರುವಿದರು. ಇನ್ನೊಂದನ್ನು ತೆಗೆದರು. ಚಾಚಾ ಅವರನ್ನೇ ನೋಡುತ್ತ, ಬರೆದವರ ಹೆಸರು ಎಲ್ಲೂ ಇಲ್ಲ, ಬೆನ್ನಿನ ಮೇಲೆ ಜಾಗ ಬಿಟ್ಟಿದ್ದೇನೆ, ಏನು ಬರೆಯಲಿ ಹೇಳ್ರಿ ಎಂದು ಕೇಳಿದ. ಸ್ಪರ್ಧೆ ಮುಗಿದಿತ್ತು, ಈಗ ಹೇಳಬಹುದಿತ್ತು. ನಾನು ಅವರ ಮುಖ ನೋಡಿದೆ. ಅವರು ಕೈಯಲ್ಲಿದ್ದ ಪುಸ್ತಕವನ್ನು ಇದ್ದಲ್ಲೇ ಇಟ್ಟು, ಖಾಲಿ ಬಿಡ್ರಿ ಚಾಚಾ ಎಂದರು.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ. ಇದು ಪುಸ್ತಕವಲ್ಲದೆ ಮತ್ತೇನು, ನಿಮ್ಮ ಪಣ ಗೆದ್ದಿತು, ನಾಳೆಯಿಂದ ಬರೆಯಿರಿ ಎಂದು ಹಟ ಹಿಡಿದೆ.  ಅಕ್ಕೋರು ನಡೆಯುತ್ತಲೇ, "ಅವರು ಬ್ಯಾಡ ಅಂದಿಲ್ಲ ತಂಗಿ, ಗೊತ್ತಾತು. ಭಾಳ ಸಂತೋಷ ಆತು. ಆದ್ರ ಇವು ಅವರು ಮಾಡಿಕೊಂಡ ಪುಸ್ತಕ. ನನ್ನ ಪುಸ್ತಕ ಒಂದೂ ಆಗಲಿಲ್ಲ" ಎಂದರು.

ಹಲಗೆ ಮತ್ತೆ ತೊಡೆಯ ಮೇಲೆ ಬಂದದ್ದು ಸಾಲೆಯ ಪೇಪರು ತಿದ್ದಲು ಮಾತ್ರ. ನಾನು ಜಗಳ ಮಾಡಿದೆ, ಬೇಡಿಕೊಂಡೆ, ಕೆಲವು ದಿನ ಮಾತು ಬಿಟ್ಟೆ. ಏನೂ ಆಗಲಿಲ್ಲ. ಬರೆಯುವ ಶಕ್ತಿ ಇದ್ದವರೊಬ್ಬರು ಬರೆಯದೆ ಸಂಜೆ ಕಳೆಯುವುದನ್ನು ನೋಡುವುದು ಕಷ್ಟ. ಮರುವರ್ಷ ಅವರಿಗೆ ಕೊಪ್ಪಳ ತಾಲ್ಲೂಕಿನ ಇರಕಲ್ಲಗಡಕ್ಕೆ ವರ್ಗವಾಯಿತು. ಅವರ ಬಳಿ ತಮ್ಮ ಕಾದಂಬರಿಯ ಒಂದು ಪ್ರತಿಯೂ ಇರಲಿಲ್ಲ, ಓಣಿ ಸುತ್ತಲು ಹೋದದ್ದು ತಿರುಗಿ ಬಂದಿರಲಿಲ್ಲ. ನನ್ನದನ್ನೇ ಕೊಟ್ಟೆ, ಮೂಲೆಯಲ್ಲಿ ಚೌಕ ಕಿಂಡಿ ಇದ್ದದ್ದನ್ನು. ಬಸ್ಸು ಹೊರಡುವವರೆಗೂ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಆಮೇಲೆ ನನ್ನದೂ ಮದುವೆ, ನೌಕರಿ, ಮಕ್ಕಳು. ಊಟ ಮಾಡುವ ನಾಯಕಿಯರನ್ನಿಟ್ಟು ನಾಲ್ಕಾರು ಕಥೆ ಬರೆದೆ, ಅಚ್ಚೂ ಆದವು. ಹಬ್ಬಕ್ಕೊಂದು ಕಾಗದ ಬರುತ್ತಿತ್ತು ಅವರಿಂದ, ಕಥೆ ಓದಿದೆ ಎಂದು ಒಂದು ಸಾಲು ಇರುತ್ತಿತ್ತು. ಬರವಣಿಗೆಯ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಕಾಗದ ಕ್ರಮೇಣ ನಿಂತವು... ಕಣ್ಣು ಮಂಜಾಗಿದೆ ಎಂದು ಯಾರೋ ಹೇಳಿದ್ದರು.

ಗ್ರಂಥಾಲಯಕ್ಕೆ ಹೋಗಿಬಂದ ಮರುದಿನ ಮನಸ್ಸು ತಡೆಯದೆ ಇರಕಲ್ಲಗಡದ ಬಸ್ಸು ಹತ್ತಿದೆ. ತಡವಾಗಿತ್ತು. ಅಕ್ಕೋರು ಹೋಗಿ ಒಂದು ವರ್ಷದ ಮೇಲಾಗಿತ್ತಂತೆ. ಹೇಳಿದವಳು ಅವರ ಪಕ್ಕದ ಮನೆಯ ಹೆಂಗಸು, ಒಂದು ಕಾಲಕ್ಕೆ ಅವರ ಹತ್ತಿರವೇ ಕಲಿತವಳು. ಕೊನೆಯ ವರ್ಷಗಳಲ್ಲಿ ಅವರಿಗೆ ಅಡುಗೆ ಮಾಡಿಕೊಟ್ಟವಳೂ ಅವಳೇ. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟಳು. ಅಕ್ಕೋರಿಗೆ ಪೂರ್ತಿ ಕಣ್ಣು ಹೋದ ಮೇಲೆ ಸಂಜೆ ಸಂಜೆ ಒಂದು ಹಳೆಯ ಕಾದಂಬರಿಯನ್ನು ಓದಿಸಿಕೊಳ್ಳುತ್ತಿದ್ದರಂತೆ. ಮುಗಿದರೆ ಮತ್ತೆ ಮೊದಲಿನಿಂದ. ಆ ಪುಸ್ತಕದ ಕೊನೆಯ ಹಾಳೆಯಲ್ಲೊಂದು ಕಿಂಡಿ, ಹನುಮವ್ವ ಗಂಡನಿಗೆ ಹೇಳುವ ಮಾತೇ ಅಲ್ಲಿ ಇಲ್ಲ.

"ಅಲ್ಲಿಗೆ ಬಂದು ನಾ ನಿಂತ್ರ ಅಕ್ಕೋರು ತಾವ ಹೇಳ್ತಿದ್ರು ನೋಡ್ರಿ. ಆದ್ರ ಒಮ್ಮೆ ಹೇಳಿದ್ದು ಇನ್ನೊಮ್ಮೆ ಇಲ್ಲ. ಒಮ್ಮೆ ಹನುಮವ್ವ ಗಂಡಗ, ನೀನ ಇಲ್ಲಿ ಇಳಿ, ಸಸಿ ಹಚ್ಚಾಕ ಕಲಿಸ್ತೀನಿ ಅಂದಳು. ಒಮ್ಮೆ ಏನೂ ಅನ್ನಲಿಲ್ಲ, ಕೈ ತೊಳಕೊಂಡು ಅವನಕಿಂತ ಮುಂದ ನಡದಳು. ಇನ್ನೂ ಭಾಳ ಹೇಳ್ಯಾರ, ದಿನಾ ಒಂದೊಂದು. ನೀವು ಕುಷ್ಟಗಿಯವರು, ಕಿಂಡಿ ಇಲ್ಲದ್ದು ಓದಿರಬೇಕು. ಖರೇ ಏನಿತ್ತರಿ ಅಲ್ಲಿ?"

ಅಚ್ಚಾದ ಮಾತು ನನಗೆ ಬಾಯಿಪಾಠ ಇತ್ತು. ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಅಕ್ಕೋರು ಹೇಳಿದ್ದೆಲ್ಲಾ ಖರೇನೇ, ಅದನ್ನು ಬರೆದವರು ಅವರೇ ಎಂದೆ. ಆಣೆ ಹಾಕಿಸಿಕೊಂಡವರೇ ಇಲ್ಲದ ಮೇಲೆ ಅದನ್ನು ಮೊದಲ ಸಲ ಒಬ್ಬರಿಗೆ ಹೇಳಿದೆ. ಆ ಹೆಂಗಸು ಚಹಾದ ಬಟ್ಟಲು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಉಳಿದವನ್ನು ನೆನಪಿದ್ದಷ್ಟು ಹೇಳು ಎಂದು ಕೇಳಿದೆ. ನೆನಪಿಸಿಕೊಂಡು ಇನ್ನೊಂದನ್ನು ಹೇಳಿದಳು, ಅದೂ ಅರ್ಧ. ಮಿಕ್ಕವು ಅವಳಿಗೆ ನೆನಪಾಗಲಿಲ್ಲ.